ಉದುರುಗಾಯಿ

ಬೆಳಿಗ್ಗೆ ಏಳಕ್ಕೇ ಸಾಲು ಗೇಟು ಮುಟ್ಟಿತ್ತು.
ಮತದಾರರ ಹುಮ್ಮಸ್ಸು ಅಂದುಕೊಂಡೆ.
"ಬಿಸ್ಲು ಏರೋಕ್ ಮುಂಚೆ ಮುಗಿಸ್ಬಿಡಾಣಾಂತ ಸಾ" ಅಂದರು.
ರಾಯಲ್ಪಾಡಿನಾಚೆ, ಸರ್ಕಾರಿ ಶಾಲೆ, ಎರಡನೇ ಕೋಣೆ.
ಎಂಟುನೂರ ಹನ್ನೆರಡು ಹೆಸರು
ಒಂದು ದಿನದ ಮಟ್ಟಿಗೆ ನನ್ನ ವಶ.

ನಾನು ಗಣಿತದ ಮೇಷ್ಟರು.
ಎರಡು ಗಂಟೆಗೊಮ್ಮೆ ಶೇಕಡಾ ತೆಗೆದು ಕಳಿಸುವುದು ಕಷ್ಟವಲ್ಲ.
ಒಂಬತ್ತಕ್ಕೆ ಹದಿನೇಳು. ಹನ್ನೊಂದಕ್ಕೆ ಮೂವತ್ತನಾಲ್ಕು.
ಒಂದಕ್ಕೆ ನಲವತ್ತೆರಡು.
ಮೂರಕ್ಕೆ ನಲವತ್ತನಾಲ್ಕು.
ಸೆಕ್ಟರ್ ಅಧಿಕಾರಿಯ ಫೋನು:
"ಏನ್ರೀ, ನಿಮ್ಮ ಬೂತು ನಿದ್ದೆ ಮಾಡ್ತಿದೆಯಾ?"
ಮಾಡುತ್ತಿತ್ತು.
ತಗಡಿನ ಮಾಡು ಕಾದ ಹಂಚು, ಕೆಳಗೆ ನಾವು ಐದು ಜನ.
ಹೊರಗೆ ಕಾನ್‌ಸ್ಟೇಬಲ್ಲು ಹೊಂಗೆಯ ನೆರಳು ಸರಿದಂತೆ ಕುರ್ಚಿ ಸರಿಸುತ್ತ
ಹಗಲನ್ನು ಮೊಳ ಹಾಕುತ್ತಿದ್ದ.

ಏಜೆಂಟರಿಬ್ಬರಿಗೂ ಕಿಟಕಿಯೇ ಪಂಚಾಂಗ.
"ಮಳೆ ಬಂದ್ರೆ ನಮಗೆ ಪ್ಲಸ್ಸು," ಬಯ್ಯಾರೆಡ್ಡಿ,
"ನಿಮ್ಮ ಓಟೆಲ್ಲ ಹಳ್ಳದಾಚೆ."
"ಬಿಸ್ಲಿದ್ರೆ ನಿಮ್ಮ ಮುದುಕ್ರು ಬಾಗ್ಲು ತೆಗೀತಾರಾ?" ಚಲಪತಿ.
ಒಂದೇ ಪೊಟ್ಟಣದ ಕಡಲೇಕಾಯಿ ತಿನ್ನುತ್ತ
ಆಕಾಶವನ್ನು ಪಾಲು ಮಾಡಿಕೊಳ್ಳುತ್ತಿದ್ದರು.

ಮೂರೂ ನಲವತ್ತಕ್ಕೆ ಆಂಧ್ರದ ಕಡೆಯಿಂದ
ಭರಣಿಯ ಮೋಡ ಗಡಿ ದಾಟಿತು.
ಚೆಕ್‌ಪೋಸ್ಟಿನಲ್ಲಿ ಯಾರೂ ಅದರ ಡಿಕ್ಕಿ ತೆಗೆಸಲಿಲ್ಲ.

ಮೊದಲು ಗಾಳಿ. ಕರೆಂಟು ಹೋಯಿತು.
ಗೋಡೆಯ ಅಭ್ಯರ್ಥಿಗಳ ಪಟ್ಟಿ ಪಟಪಟ ಬಡಿದುಕೊಂಡಿತು.
ಆಮೇಲೆ ತೋಪಿನಿಂದ ಆ ಸದ್ದು:
ದಬ್. ದಬ್. ದಬದಬ.
ಬಾದಾಮಿ, ಬೇನಿಷಾ, ತೋತಾಪುರಿ.

ಸಾಲಿನಲ್ಲಿದ್ದ ಒಂಬತ್ತು ಜನ ಒಟ್ಟಿಗೆ ಕಿವಿಯಾದರು.
ಮುನಿಗಂಗಮ್ಮನ ಬೆರಳಿಗೆ ಶಾಯಿ ಬಿದ್ದಿತ್ತು,
ರಿಜಿಸ್ಟರಿನಲ್ಲಿ ಹೆಬ್ಬೆಟ್ಟು, ಕೈಯಲ್ಲಿ ಚೀಟಿ.
ಯಂತ್ರಕ್ಕೆ ನಾಲ್ಕೇ ಹೆಜ್ಜೆ.
"ಕಾಯಿ ಬೀಳ್ತಾ ಐತೆ ಸಾ. ಬತ್ತೀನಿ."
ಚೀಟಿಯನ್ನು ರವಿಕೆಗೆ ಸಿಕ್ಕಿಸಿ ಓಡಿದಳು.
ಹಿಂದೆ ಸಾಲು.
ಅದರ ಹಿಂದೆ, ಬಾಯಲ್ಲಿ ಕಡಲೇಕಾಯಿಯೊಂದಿಗೆ, ಏಜೆಂಟರಿಬ್ಬರೂ.

ಕೈಪಿಡಿಯಲ್ಲಿ ಇದಕ್ಕೊಂದು ನಿಯಮವಿದೆ.
ಷರಾ ಕಾಲಮ್ಮಿನಲ್ಲಿ ಬರೆಯಬೇಕು: ಮತ ನೀಡಲು ನಿರಾಕರಿಸಿದರು.
ಪೆನ್ನು ತೆರೆದೆ.
ನಿರಾಕರಿಸಿದಳೇ? ಬತ್ತೀನಿ ಅಂದಳಲ್ಲ.
ಮೂರನೇ ಅಧಿಕಾರಿ ಖಮರ್ ಇನ್ನೂ ಗುಂಡಿ ಒತ್ತಿರಲಿಲ್ಲ,
ನನ್ನನ್ನೇ ನೋಡುತ್ತಿದ್ದರು.
ಪೆನ್ನಿನ ಟೊಪ್ಪಿ ಮುಚ್ಚಿದೆ.

ಐದಕ್ಕೆ ನಲವತ್ತಾರು.
ಉಪ್ಪಿನಕಾಯಿಯವರ ಲಾರಿ ಐದೂವರೆಗೆ ಬಂದು ಹೋಯಿತಂತೆ.
ಮಳೆ ನಿಂತು ಶಾಲೆಯಂಗಳದಿಂದ ಮಣ್ಣಿನ ಉಸಿರು.
ಗೋಡೆ ತಣ್ಣಗಾಗಿತ್ತು. ನೊಣ ಕೂಡ ಇಲ್ಲ.

ಆರಕ್ಕೆ ಹತ್ತು ನಿಮಿಷವಿರುವಾಗ ಹಳ್ಳದ ಕಡೆ ಟಾರ್ಚು.
ಒಂದು, ನಾಲ್ಕು, ಆಮೇಲೆ ಎಣಿಸಲಿಲ್ಲ.
ಗೋಣಿತಾಟು ತಲೆಗೆ, ಲುಂಗಿ ಮೊಣಕಾಲಿಗೆ,
ಮಧ್ಯಾಹ್ನದ ಬಿಸಿಲಿಗೆ ಬಾಗಿಲು ತೆಗೆಯದ ಮುದುಕರೂ
ತಂಪಾಯಿತೆಂದು ಮೊಮ್ಮಕ್ಕಳ ಭುಜ ಹಿಡಿದು.
ಆರು ಹೊಡೆದಾಗ ಚೀಟಿ ಹಂಚಿದೆ, ನಿಯಮದಂತೆ ಬಾಲದಿಂದ ತಲೆಗೆ,
ನೂರಾ ಎಂಬತ್ತೊಂದು.

ಪ್ರತಿ ಬೆರಳಿಗೂ ಸೊನೆ. ಶಾಯಿ ಹಿಡಿಯದು.
ಖಮರ್ ತಮ್ಮ ಕರ್ಚೀಫು ಒದ್ದೆ ಮಾಡಿ ಕೊಟ್ಟರು,
ಎರಡನೆಯವರು ಒಂದೊಂದೇ ಬೆರಳು ಒರೆಸಿದರು,
ಬಾಣಂತಿಯ ಕೂಸಿಗೆ ಒರೆಸುವ ಹಾಗೆ.

ಮುನಿಗಂಗಮ್ಮ ನೇರ ಬಂದಳು.
ಚೀಟಿ ನೆನೆದು ಮೆತ್ತಗಾಗಿತ್ತು, ಅಂಕಿ ಕಾಣುತ್ತಿತ್ತು.
ಸದ್ದು ಬಂತು, ಬೀಪ್.
ಹೋಗುವಾಗ ಮಡಿಲಿಂದೊಂದು ಬೇನಿಷಾ ತೆಗೆದು ಚಾಚಿದಳು.
"ಬೇಡಮ್ಮ, ಯಾರಿಂದಲೂ ಏನೂ ತಗೊಳ್ಳುವ ಹಾಗಿಲ್ಲ."
"ನಾನ್ಯಾವ ಪಾರ್ಟಿ ಸಾ," ಎಂದು ಕಿಟಕಿಯ ಮೇಲಿಟ್ಟು ಹೋದಳು.

ಕೊನೆಯ ಮತ ಒಂಬತ್ತೂ ಹತ್ತಕ್ಕೆ.
ಎಪ್ಪತ್ತು ಪಾಯಿಂಟ್ ಎಂಟು.
ಶ್ರೀನಿವಾಸಪುರದ ಕಾಲೇಜು ಮೈದಾನದಲ್ಲಿ ನಡುರಾತ್ರಿ
ಡೈರಿ ತುಂಬಿದೆ. ಅಡಚಣೆ ಉಂಟಾಯಿತೇ? ಕಾರಣ?
ಗಾಳಿ, ಎಂದು ಬರೆದೆ.
ಉಳಿದ ಗೆರೆ ಖಾಲಿ ಬಿಟ್ಟೆ.

ಲಕೋಟೆ ಎಣಿಸಲು ಚೀಲಕ್ಕೆ ಕೈ ಹಾಕಿದರೆ
ಅರಗು, ದಾರ, ಮೇಣದಬತ್ತಿ, ಬೇನಿಷಾ.
ಯಾರು ಹಾಕಿದರೋ. ಖಮರ್ ಬೇರೆ ಕಡೆ ನೋಡುತ್ತಿದ್ದರು.

ನನ್ನ ಅಂಚೆ ಮತಪತ್ರ ಇನ್ನೂ ಬಂದಿರಲಿಲ್ಲ.
ತೊಟ್ಟಿನ ಸೊನೆ ಸುಟ್ಟು ತೋರುಬೆರಳಿನ ಮೇಲೆ
ಒಂದು ಕಪ್ಪು ಗೀಟು ಮೂಡಿತು,
ಹದಿನೈದು ದಿನ ಹೋಗಲಿಲ್ಲ.