ಹದಿನೇಳನೆಯ ಸೆಲೆ

ಕೈಯಲ್ಲಿ ಹತ್ತು ಲೀಟರಿನ ಬಕೆಟ್ಟು, ಕೊರಳಲ್ಲಿ ಗಡಿಯಾರ,
ಚೀಲದಲ್ಲಿ ಉಪ್ಪಿನಂಶ ಹೇಳುವ ಕಡ್ಡಿ,
ಮಡಿಕೆ ಮಡಿಕೆಯಲ್ಲೂ ಹರಿದ ನಕಾಶೆ.
ಕಣಕುಂಬಿ ದಾಟಿ ಒಂಬತ್ತು ದಿನ,
ಹದಿನಾರು ಸೆಲೆ ಮುಗಿದಿವೆ.
ಹೆಸರು, ಎತ್ತರ, ಬಕೆಟ್ಟು ತುಂಬಲು ಹಿಡಿದ ಸೆಕೆಂಡು,
ಎಷ್ಟು ಮನೆ ಕುಡಿಯುತ್ತವೆ, ಎಷ್ಟು ದನ.
ಕೊನೆಯ ಕಲಮು: ಯಾವ ಹೊಳೆಗೆ?

ಮ ಅಂದರೆ ಮಲಪ್ರಭೆ, ಮೂಡಲಿಗೆ.
ಮ ಅಂದರೆ ಮಹಾದಾಯಿಯೂ ಹೌದು, ಪಡುವಲಿಗೆ.
ಗೊಂದಲ ಬೇಡವೆಂದು ಸಾಹೇಬರು ಹೇಳಿ ಕಳಿಸಿದ್ದಾರೆ,
ಮ೧, ಮ೨ ಎಂದು ಬರೆಯಿರಿ.

ದಾರಿ ತೋರುವವಳು ಠಕೂಬಾಯಿ ಝೋರೆ,
ಗೌಳಿವಾಡೆಯವಳು, ಎಮ್ಮೆಗಳ ಹಿಂದೆ
ಅರವತ್ತು ಮಳೆಗಾಲ ನಡೆದವಳು.
ನಕಾಶೆ ಕೊಟ್ಟರೆ ತಲೆಕೆಳಗೆ ಹಿಡಿದು
'ಇದ್ರಾಗ ನೀರು ನೀಲಿ ಯಾಕ?' ಅಂದಳು.
ನನಗೂ ಗೊತ್ತಿರಲಿಲ್ಲ.

ನನಗೆ ಸೆ-೦೪, ಅವಳಿಗೆ ಬಾಣಂತಿ ಝರಾ.
ನನಗೆ ಸೆ-೦೯, ಅವಳಿಗೆ ಮುನಿದದ್ದು.
(ಎರಡು ವರ್ಷ ಬಂದಿರಲಿಲ್ಲವಂತೆ,
ಯಾರೋ ಅದರ ಬಾಯಲ್ಲಿ ಬೀಡಿ ಆರಿಸಿದ್ದರಂತೆ.)
ಜರಿಗಿಡ ಎಲ್ಲಿ ದಟ್ಟ, ಏಡಿ ತೋಡಿದ ಮಣ್ಣು ಎಲ್ಲಿ ಹಸಿ,
ಎಮ್ಮೆ ಯಾವ ಕಡೆ ಮೂಗೆತ್ತುತ್ತದೆ,
ಅಷ್ಟು ನೋಡಿ ನಡೆಯುತ್ತಾಳೆ.
ನನ್ನ ಯಂತ್ರ ಇನ್ನೂ ಆಕಾಶದಲ್ಲಿ ಉಪಗ್ರಹ ಹುಡುಕುತ್ತಿರುತ್ತದೆ.

ಹದಿನೇಳನೆಯದು ಮುರಕಲ್ಲಿನ ಬಯಲಿನ ಪಡುವಲ ಅಂಚಿಗೆ.
ಕಲ್ಲಿನ ತುಟಿಯಿಂದ ಸಣ್ಣಗೆ, ತಡವರಿಸದೆ, ಒಂದೇ ಧಾರೆ.
ನಲವತ್ತು ಸೆಕೆಂಡು. ಮತ್ತೊಮ್ಮೆ ಹಿಡಿದೆ, ನಲವತ್ತು.
ಸುಲಭ. ಪೆನ್ನು ತೆಗೆದು ಮ೨ ಅನ್ನುವಷ್ಟರಲ್ಲಿ
ಅವಳು ಕೂತಳು, ಎಲೆಯಡಿಕೆ ಬಿಚ್ಚಿದಳು.

'ನಮ್ಮಪ್ಪನ ಎಮ್ಮಿ ಕೊರಳಾಗಿನ ಕಟ್ಟಿಗಿ ಗಂಟಿ
ಗುಡ್ಡದ ಆಚಿಗೆ, ಮೂಡಲಕ್ಕ, ಒಂದು ಬಿಲದಾಗ ಬಿತ್ತು.
ಮಳಿನೀರು ಗಟಗಟ ಕುಡೀತೈತಿ ಆ ಬಿಲ.
ಆಷಾಢದಾಗ ಬಿದ್ದದ್ದು ದಸರಾಕ್ಕ ಇಲ್ಲಿ ಸಿಕ್ತು,
ಇದ ಕಲ್ಲಿನ ಬಾಯಾಗ.
ನಾಲಿಗಿ ಮಾತ್ರ ಇನ್ನೂ ಒಳಗೈತಿ.'

ನಕಾಶೆ ಬಿಡಿಸಿದೆ.
ನೆತ್ತಿಯ ಮೇಲೆ ಕೆಂಪು ಗೆರೆ, ಇತ್ತ ಒಂದು ಹೊಳೆ, ಅತ್ತ ಒಂದು ಹೊಳೆ.
ಅದರಡಿ, ಗೆರೆ ಕಾಣದ ಕತ್ತಲಲ್ಲಿ,
ಮೂಡಲ ಮಳೆ ಪಡುವಲಿಗೆ ನಡೆದು ಬರುತ್ತಿದೆ,
ಯಾರ ಅಪ್ಪಣೆಯನ್ನೂ ಕೇಳದೆ.

ಒಂದು ಮಾತು ವರದಿಯಲ್ಲಿ ಬರೆದಿಲ್ಲ.
ನಾನು ಪಟ್ಟದಕಲ್ಲಿನ ಕೆಳದಂಡೆಯವಳು.
ಮಲಪ್ರಭೆ ಬರೀ ಮರಳಾದ ಬೇಸಿಗೆಗಳಲ್ಲಿ
ಅವ್ವ ಮೊಣಕೈಮಟ ವರ್ತಿ ತೋಡಿ
ತಂಬಿಗೆಯಿಂದ ತಂಬಿಗೆಗೆ ಕಾಯುತ್ತಿದ್ದಳು.
ಅವಳ ಬಳಿ ಗಡಿಯಾರ ಇರಲಿಲ್ಲ.
ಮ೧ ಅಂತ ಬರೆಯಲು ನನ್ನ ಕೈಗೆ
ಎಷ್ಟು ಆಸೆಯಾಯಿತೆಂದರೆ
ಪೆನ್ನು ಠಕೂಬಾಯಿಗೆ ಕೊಟ್ಟುಬಿಟ್ಟೆ.
ಅವಳು ಅದರಿಂದ ಬೆನ್ನು ಕೆರೆದುಕೊಂಡಳು.

ಬಕೆಟ್ಟಿನ ನೀರು ಚೆಲ್ಲಲು ಹೋದೆ.
'ಅಲ್ಲಲ್ಲ, ಎಲ್ಲಿಂದ ತಗೊಂಡಿ ಅಲ್ಲೇ ಹಾಕ.'

ಬೆಳಗಾವಿಯ ಕಚೇರಿ, ಫ್ಯಾನಿನ ಕೆಳಗೆ ಹಾರುವ ಹಾಳೆಗಳು.
ಸಾಹೇಬರ ಬೆರಳು ಹದಿನೇಳರ ಮೇಲೆ ನಿಂತಿತು:
'ಬರೀ ಮ ಅಂತ ಇದೆಯಲ್ಲ, ಮುಂದೆ?'
ಮತ್ತೆ ಹೋಗಬೇಕು ಸರ್.
'ಯಾವಾಗ?'
ಮಿರಗ ಹುಟ್ಟಿದ ಮೇಲೆ, ಬಿಲ ನೀರು ಕುಡಿಯಲು ಹತ್ತಿದಾಗ.

ಪ್ರವಾಸ ಭತ್ಯೆಯ ಅರ್ಜಿಯಲ್ಲಿ, ಕಾರಣ ಎಂಬಲ್ಲಿ
ಮೊದಲು ಬರೆದದ್ದು: ಗಂಟೆಯ ನಾಲಗೆ ಹುಡುಕಲು.
ಹೊಡೆದು ಹಾಕಿ, ಮೇಲೆ ಸಣ್ಣಕ್ಷರದಲ್ಲಿ
ಮರು ಅಳತೆ ಎಂದು ತಿದ್ದಿದೆ.
ಹೊಡೆದದ್ದೂ ಓದಲು ಬರುತ್ತದೆ.