ಎರಡೂ ತೋಳಿಗೆ

ಒರಿಸ್ತಾನೊ ಬಿಡುವಾಗಲೇ ಹಚ್ಚಬೇಕು.
ಸೂಜಿಗೂ ಮುಲಾಮಿಗೂ ನಡುವೆ
ಒಂದು ಗಂಟೆಯ ರೈಲಾದರೂ ಓಡಬೇಕು.
ಗವೀನೊಗೆ ಇದು ಗೊತ್ತು. ಏಳು ವರ್ಷದ ಮಗನ
ಎರಡೂ ತೋಳಿನ ಮಡಿಕೆಗೆ
ದಪ್ಪಗೆ, ಉಜ್ಜದೆ,
ರೊಟ್ಟಿಗೆ ಬೆಣ್ಣೆ ಇಟ್ಟಂತೆ ಇಡುತ್ತಾನೆ.
ಎರಡಕ್ಕೂ ಯಾಕೆಂದರೆ
ಇವತ್ತು ಯಾವ ನರ ಒಲಿಯುತ್ತದೋ ಯಾರು ಬಲ್ಲರು?
ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ಕು,
ನಿನ್ನೆ ಕುರಿಹಾಲಿನ ಚೀಸಿಗೆ ಸುತ್ತಿದ್ದ ಅದೇ ಸುರುಳಿಯದು.
ಬೋಗಿಯಲ್ಲೆಲ್ಲ ಸಣ್ಣಗೆ ಚೀಸಿನ ವಾಸನೆ.

ಎದುರು ಸೀಟಿನಲ್ಲಿ ನಾನು, ಅಸ್ಸುಂತಾ,
ನಲವತ್ತೊಂಬತ್ತು ನಡೆಯುತ್ತಿದೆ.
ನನಗೂ ಎಫೀಸಿಯೊಗೂ ಒಂದೇ ಕಾಯಿಲೆ;
ಹದಿನೈದು ದಿನಕ್ಕೊಮ್ಮೆ ಕಾಲ್ಯಾರಿಗೆ
ಕಂಡವರ ರಕ್ತ ಕಡ ತರಲು ಹೋಗುವವರು.
ಈ ಕಡ ತೀರುವುದಿಲ್ಲ,
ಕೊಟ್ಟವರು ಕೇಳುವುದೂ ಇಲ್ಲ.

"ನಿಮಗೂ ಹಚ್ಚಲಾ?" ಪ್ರತಿ ಸಲ ಕೇಳುತ್ತಾನೆ ಗವೀನೊ.
ಪ್ರತಿ ಸಲ ಬೇಡ ಅನ್ನುತ್ತೇನೆ.
ಜಂಬವೇನಲ್ಲ.
ಸ್ವಲ್ಪ ಜಂಬ.

ನನ್ನ ಕಾಲಕ್ಕೆ ಮುಲಾಮಿರಲಿಲ್ಲ,
ಸಿಸ್ಟರ್ ಬೊನಾರಿಯಾ ಇದ್ದಳು.
ತನ್ನ ಮಂಡಿಯಿಂದ ನನ್ನ ಮಂಡಿ ಒತ್ತಿ ಹಿಡಿದು
"ಗೋಡೆ ನೋಡು, ಮೀನು ಎಣಿಸು" ಅನ್ನುವಳು.
ಬರಿ ಹಸಿರು ಬಳಿದ ಗೋಡೆ, ಮೀನೆಲ್ಲಿಂದ ಬರಬೇಕು?
ಆದರೂ ಎಣಿಸಿದೆ. ಹನ್ನೊಂದು ಮೀನು.
ಹನ್ನೆರಡನೆಯದು ಸೂಜಿ.
ಇಂದಿಗೂ ಮೀನಂಗಡಿಯ ಮುಂದೆ ಹಾದರೆ
ಎಡಗೈ ತಾನಾಗಿ ಮಡಚಿಕೊಳ್ಳುತ್ತದೆ.

ಸಾನ್ಲೂರಿ ದಾಟುವಾಗ ಹುಡುಗ,
ಒಣಗಲು ಹಾಕಿದ ಅಂಗಿಯಂತೆ ತೋಳೆರಡನ್ನೂ ಚಾಚಿಕೊಂಡೇ,
ಕೇಳಿದ: "ಅಪ್ಪಾ, ನೋವು ಈಗ ಎಲ್ಲಿದೆ?"
"ಮಲಗಿದೆ."
"ಎಬ್ಬಿಸಿದರೆ ಅದಕ್ಕೆ ಸಿಟ್ಟು ಬರಲ್ವಾ?"
ಗವೀನೊ ನನ್ನ ಮುಖ ನೋಡಿದ.
ನಾನು ಹೊರಗೆ ನೋಡಿದೆ.

ವಾರ್ಡಿನಲ್ಲಿ ಪ್ಲಾಸ್ಟಿಕ್ಕು ಸುಲಿದು ಒರೆಸಿದರೆ
ಚರ್ಮ ಬಿಳಿಚಿಕೊಂಡಿತ್ತು.
ನರ್ಸ್ ತಟ್ಟಿದಳು. ಬಲ, ಎಡ, ಮತ್ತೆ ಬಲ.
ಮುಲಾಮಿಗೆ ಇದೊಂದು ಚಾಳಿ:
ನೋವನ್ನು ಮಲಗಿಸಲು ಹೋಗಿ
ಒಮ್ಮೊಮ್ಮೆ ನರವನ್ನೂ ತಟ್ಟಿ ಮಲಗಿಸಿಬಿಡುತ್ತದೆ.
ಕದ ಬಡಿದರೂ ತೆಗೆಯುವವರಿಲ್ಲ.
ಬಿಸಿನೀರಿನ ಬಟ್ಟೆ ತಂದರು. ಕಾದೆವು.
ಯಾರದೋ ಮೊಬೈಲು ಹಾಡಿತು, ನಿಂತಿತು.
ಕೊನೆಗೆ ಎಡದೋಳಿನಲ್ಲೊಂದು ನೀಲಿ ಎಳೆ
ಹೊಲಿಗೆ ಬಿಚ್ಚಿದ ಹಾಗೆ ಮೇಲೆ ಬಂತು.

ಆಗ ನೋಡಿದೆ:
ಹುಡುಗ ಗೋಡೆಯ ಕಡೆ ತಿರುಗಲಿಲ್ಲ.
ಗಡಿಯಾರ ರಿಪೇರಿಯವನ ಭುಜದಾಚೆಯಿಂದ ಇಣುಕುವವರ ಹಾಗೆ
ಕುತ್ತಿಗೆ ಉದ್ದ ಮಾಡಿ
ಸೂಜಿ ಒಳಹೋಗುವುದನ್ನು ನೋಡಿದ.
"ಹೋಯ್ತು" ಅಂದ,
ಬೇರೆ ಯಾರದೋ ಕೈಯ ಸುದ್ದಿ ಹೇಳುವಂತೆ.
ನಳಿಕೆಯಲ್ಲಿ ಮೊದಲ ಕೆಂಪು ಇಳಿಯುತ್ತಿದ್ದಾಗ
"ಇದು ಯಾರದು?" ಎಂದು ಕೇಳಿದ.

ನಲವತ್ತೈದು ವರ್ಷ. ಸಾವಿರಕ್ಕೂ ಮಿಕ್ಕಿ ಸೂಜಿ.
ಒಂದನ್ನಾದರೂ ಒಳಹೋಗುವಾಗ ನಾನು ನೋಡಿಲ್ಲ.
ನನಗೆ ಚೆನ್ನಾಗಿ ಗೊತ್ತಿರುವುದು ಗೋಡೆ.
ಯಾರದು ಎಂದು ಕೇಳುವಷ್ಟು
ಪುರುಸೊತ್ತು ನೋವು ಕೊಡಲಿಲ್ಲ.

ನನ್ನ ಸರದಿ ಬಂತು.
ಈ ಸಲ ನೋಡಲೇಬೇಕೆಂದು ಕೂತೆ.
ನೋಡಲಿಲ್ಲ.
ಹನ್ನೊಂದು ಮೀನೂ ಬಂದವು.

ವಾಪಸ್ ಬರುವಾಗ ಹಿನ್ನೀರಿನಲ್ಲಿ
ಗುಲಾಬಿ ಹಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು.
ಎಫೀಸಿಯೊ ಅಪ್ಪನ ತೊಡೆಯ ಮೇಲೆ ನಿದ್ದೆ ಹೋಗಿದ್ದ.
ನೋವು ಎದ್ದಿತೇನೋ,
ಕಣ್ಣು ಬಿಡದೆಯೇ ತೋಳನ್ನೊಮ್ಮೆ ಸವರಿಕೊಂಡ.
ಗವೀನೊ ಟ್ಯೂಬಿನ ಬುಡವನ್ನು ಸುತ್ತಿ ಸುತ್ತಿ
ಉಳಿದದ್ದನ್ನು ಬಾಯಿಯ ಹತ್ತಿರ ತರುತ್ತಿದ್ದ.

"ಮುಂದಿನ ಸಲ," ಅಂದೆ,
"ನನಗೂ ಒಂಚೂರು. ಒಂದು ತೋಳಿಗೆ ಸಾಕು."

ಅವನು ತಲೆ ಎತ್ತಲಿಲ್ಲ.
"ಎರಡಕ್ಕೂ" ಅಂದ.