ಇಪ್ಪತ್ಮೂರು ಹರಳು

ಹಟ್ಟಿಯಲ್ಲಿ ಒಂದು ಕುರಿಯೂ ಇಲ್ಲ.
ಆದರೂ ಹೊತ್ತು ಇಳಿದರೆ ಸಾಕು, ನನ್ನ ಗಂಡ ಪೆಲಟ್ಯ
ಮುಳ್ಳಿನ ತಡಿಕೆ ಸರಿಸಿ ಬಾಗಿಲಲ್ಲಿ ನಿಲ್ಲುತ್ತಾನೆ,
ಸೊಂಟದ ಚೀಲದಿಂದ ಹರಳು ತೆಗೆದು
ಒಂದೊಂದಾಗಿ ಎಡಗೈಯಿಂದ ಬಲಗೈಗೆ.
ಕಿವಿಹರುಕಿಗೊಂದು, ಬೂದಿಬಣ್ಣದ ಟಗರಿಗೊಂದು,
ಮಳೆ ಬಂದರೆ ಕೆಮ್ಮುತ್ತಿದ್ದ ಮುದಿ ಆಡಿಗೊಂದು.
ಇಪ್ಪತ್ಮೂರು. ಮುಗಿಯಿತು.
ಆಮೇಲೆ ಬಾಗಿಲಿಗೆ ಅಡ್ಡ ಮಲಗುತ್ತಾನೆ,
ಕಾಯುವುದಕ್ಕೆ ಏನೋ ಇದೆ ಎಂಬಂತೆ.

ಕಲ್ದೀಯರ ಕುದುರೆ ಬಂದದ್ದು ಜವೆಗೋದಿ ತೆನೆಗಟ್ಟುವ ತಿಂಗಳಲ್ಲಿ.
ಕುರಿ ಹೊಡೆದುಕೊಂಡು ಹೋದರು,
ಅಂಜೂರಕ್ಕೆ ಕೊಡಲಿ ಹಾಕಿದರು,
ಗಾಣದ ಕಲ್ಲು ಉರುಳಿಸಲಾರದೆ
ಅದರ ಮೇಲೆ ಉಚ್ಚೆ ಹೊಯ್ದು ನಕ್ಕರು.
ಈಗ ಮಡಕೆಯ ತಳ ಕೆರೆಯುವ ಸದ್ದೇ
ನಮ್ಮ ಮನೆಯ ಸಂಜೆಯ ಪ್ರಾರ್ಥನೆ.

ಅದಕ್ಕೂ ಮುಂಚೆ, ಗೋಣಿ ಉಟ್ಟ ಪ್ರವಾದಿಯೊಬ್ಬ
ತೆಕೋವದ ಬಾವಿಕಟ್ಟೆ ಹತ್ತಿ ಕೂಗಿದ್ದ:
ಊರು ಉರಿಯುತ್ತದೆ. ಉರಿಯಲ್ಲೂ ಅವನು ಕೈ ಬಿಡುವವನಲ್ಲ.
ಕಲ್ಲು ಎಸೆದವರಲ್ಲಿ ನಾನೂ ಒಬ್ಬಳು.
ಹಣೆ ಒರೆಸಿಕೊಂಡು ನೀರು ಕೇಳಿದ. ಪೆಲಟ್ಯ ಕೊಟ್ಟ.
ಅಷ್ಟೇ ನಡೆದದ್ದು.

"ನಿನ್ನ ದೇವರಿಗೆ ಎಣಿಸಲು ಬರುವುದಿಲ್ಲವೇ?" ಎಂದೆ ಒಮ್ಮೆ.
"ಬರುತ್ತದೆ. ನನಗೆ ಮರೆಯಬಾರದಲ್ಲ."

ನಿನ್ನೆ ಇರುಳು ಲಾಕೀಷಿನ ದಾರಿಯಿಂದ ಜನ ಬಂದರು.
ಕೂದಲಲ್ಲಿ ಬೂದಿ, ಬಾಯಲ್ಲಿ ಮಾತಿಲ್ಲ.
ಒಬ್ಬಳ ಬೆನ್ನಿಗೆ ಕೂಸು.
ಇನ್ನೊಬ್ಬಳ ಬೆನ್ನಿಗೆ ಬರೀ ಜೋಳಿಗೆ,
ಆದರೂ ತೂಗುತ್ತಲೇ ಇದ್ದಳು.

ಪೆಲಟ್ಯ ತಡಿಕೆ ಸರಿಸಿದ.
"ಒಣಹಿಕ್ಕೆ ಬೆಚ್ಚಗಿದೆ, ಬನ್ನಿ" ಎಂದ.
ಒಬ್ಬೊಬ್ಬರೇ ತಲೆ ತಗ್ಗಿಸಿ ಒಳಗೆ ಹೋಗುವಾಗ
ಕತ್ತಲಲ್ಲಿ ಹರಳು ಟಕ್ಕೆಂದದ್ದು ಕೇಳಿದೆ.
ಹನ್ನೊಂದು.
ಆ ಬರೀ ಜೋಳಿಗೆಗೂ ಒಂದು ಹಾಕಿದ. ಹನ್ನೆರಡು.
ಉಳಿದವನ್ನು ನನ್ನ ಅಂಗೈಗೆ ಸುರಿದು
ಬಾಗಿಲಿಗೆ ಅಡ್ಡ ಬಿದ್ದುಕೊಂಡ. ಗೊರಕೆ ಹೊಡೆದ.

ನನಗೆ ನಂಬಿಕೆ ಬಂತು ಎಂದು ಹೇಳಲಾರೆ.
ಹಿಟ್ಟು ಮೂರು ಹಿಡಿ, ಬಾಯಿ ಹದಿಮೂರು.
ಕೂಸಿಗೆ ಹಾಲಿಲ್ಲ, ಹಾಲಿರುವವಳಿಗೆ ಕೂಸಿಲ್ಲ;
ಅವರಿಬ್ಬರನ್ನು ಪಕ್ಕಪಕ್ಕ ಮಲಗಿಸಿ ಬಂದೆ.
ಆಮೇಲೆ ಹೊಸ್ತಿಲಲ್ಲಿ ಕೂತು ದೇವರನ್ನು ಬೈದೆ.
ಕೇಳುವವರು ಯಾರೂ ಇಲ್ಲವೆಂದು
ಇಷ್ಟು ತಿಂಗಳು ಬಾಯಿ ಮುಚ್ಚಿದ್ದವಳು
ಹೆಸರು ಹಿಡಿದು ಬೈದೆ,
ಬೆಟ್ಟದ ಅಂಚು ಬೆಳ್ಳಗಾಗುವವರೆಗೆ.

ಹರಳು ಕೈಯಲ್ಲೇ ಇತ್ತು. ಬಿಸಿಯಾಗಿತ್ತು.
ಇನ್ನೂ ಚೀಲಕ್ಕೆ ಹಾಕಿಲ್ಲ.